ನಮ್ಮವರಿಗೆ ಐವತ್ತು ತುಂಬಿಸಿದ್ದು

ನಮ್ಮ ಇಂಡಿ ಊರಿನಲ್ಲಿ ಇದುವರೆಗೆ ಯಾರೂ ಕಾಣದಂಥ ಹುಟ್ಟುಹಬ್ಬ ಮಾಡಿ ತೋರಿಸುತ್ತೇನೆ ಎಂದು ಎರಡು ಸಾವಿರದ ಎರಡನೇ ಇಸವಿಯ ಮೇ ತಿಂಗಳಲ್ಲಿ ನಾನು ಘೋಷಿಸಿದೆ. ಕೇಳಿಸಿಕೊಂಡವರು ಒಬ್ಬರೇ, ನನ್ನ ಗಂಡ ಬಸಂತರಾಯರು. ಜೂನ್ ಒಂದಕ್ಕೆ ಐವತ್ತು ತುಂಬಲಿದ್ದದ್ದೂ ಅವರಿಗೇ.

"ನಮ್ಮ ಮನ್ಯಾಗ ಯಾರ ಹುಟ್ಟಹಬ್ಬ ಯಾವಾಗ ಮಾಡೇವಿ? ಒಂದೀಟು ಶಿರಾ ಮಾಡು, ಸಾಕು," ಎಂದರು ಪೇಪರಿನ ಹಿಂದಿನಿಂದ.

"ಶಿರಾ ಸತ್ಯನಾರಾಯಣಗ! ನಿಮಗ ಕೇಕು!"

ಸೋಲಾಪುರದ ತಂಗಿಯ ಮನೆಯಲ್ಲಿ ಒಂದು ಹುಟ್ಟುಹಬ್ಬ ನೋಡಿ ಬಂದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಲೂನು! ಬಣ್ಣದ ಕಾಗದ! ದೊಡ್ಡವರ ತಲೆಗೂ ಟೋಪಿ! ನಮ್ಮವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಅಲ್ಲಿನ ಒಂಬತ್ತು ಮಾಸ್ತರರಿಗೂ ಹೆಡ್‌ಮಾಸ್ತರ ಗುರಣ್ಣನವರಿಗೂ ನಾನೇ ಫೋನು ಹಚ್ಚಿ ಕರೆದೆ.

"ಜೂನ್ ಒಂದಕ್ಕೇನ್ರಿ?" ಎಂದು ಸುಮಾರು ಜನ ತಡವರಿಸಿದರು. ಆಮೇಲೆ "ಆತ್ರಿ ವೈನಿ, ಬರ್ತೇವಿ" ಎಂದರು. ನನ್ನ ಗತ್ತಿಗೆ ಬೆದರಿದ್ದಾರೆ ಎಂದುಕೊಂಡೆ!

ಕೇಕನ್ನು ಸೋಲಾಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮೂರು ಕಿಲೋ, ತತ್ತಿ ಹಾಕದ್ದು. ಝಳಕಿ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕು ಒತ್ತಿದ. ಪಕ್ಕದಲ್ಲಿ ನಿಂತಿದ್ದ ಪೈಲ್ವಾನನಂಥ ಮನುಷ್ಯನೊಬ್ಬ ನನ್ನ ಡಬ್ಬಿಯ ಮೇಲೆ ಮೊಣಕೈ ಊರಿ ಬಚಾವಾದ. ಎಮ್ಮೆಯೂ ಬಚಾವಾಯಿತು. ಕೇಕು ಮಾತ್ರ ಆಗಲಿಲ್ಲ! ಮನೆಯಲ್ಲಿ ತೆರೆದರೆ ಐವತ್ತರ ಸೊನ್ನೆ ಮುಚ್ಚಳಕ್ಕೆ ಅಂಟಿ, ಕೇಕಿನ ಮೇಲೆ ಬರೀ ಐದು ಉಳಿದಿತ್ತು. ಸಾಲದ್ದಕ್ಕೆ ಬೇಕರಿಯವನು ಹೆಸರನ್ನೂ ಮರಾಠಿ ಮಾಡಿಟ್ಟಿದ್ದ: ವಸಂತರಾವ್.

"ಈ ಐದು ವರ್ಷದ ವಸಂತರಾವ್ ಯಾರು?" ಎಂದು ನಮ್ಮವರು ಬಗ್ಗಿ ನೋಡಿದರು.

"ಸುಮ್ನಿರ್ರಿ! ಚಮಚಾದಲೆ ತಿದ್ದತೇನಿ!"

ತಿದ್ದಲು ಹೋಗಿ ಐದೂ ಅಳಿಸಿತು.

ಸಂಜೆ ಆರಕ್ಕೆ ಮಾಸ್ತರರೆಲ್ಲ ಇಸ್ತ್ರಿ ಅಂಗಿಯಲ್ಲಿ ಬಂದು ಕುರ್ಚಿ ತುಂಬಿದರು. ನಾನು ಅಡುಗೆಮನೆಗೂ ಪಡಸಾಲೆಗೂ ಓಡಾಡಿ ಓಡಾಡಿ ಚಪ್ಪಲಿಯಿಲ್ಲದೇ ಅಂಗಾಲು ಸವೆಸಿಕೊಂಡಿದ್ದೆ. ಅಷ್ಟರಲ್ಲಿ ಇಂಗಳೇಶ್ವರದಿಂದ ನಮ್ಮ ಅತ್ತೆ ಹೊನ್ನವ್ವ ಗಂಟು ಹೊತ್ತು ಬಂದರು.

"ಯಾರ ಲಗ್ನನವಾ ಇದು?" ಎಂದರು ಬಲೂನು ನೋಡಿ.

"ಲಗ್ನ ಅಲ್ರಿ ಅತ್ತಿ. ನಿಮ್ಮ ಮಗನ ಹುಟ್ಟಹಬ್ಬ. ಇವತ್ತಿಗೆ ಐವತ್ತು!"

"ಇವತ್ತ್ಯಾಕ? ಅವ ಹುಟ್ಟಿದ್ದು ಜೋಳದ ರಾಶಿ ಹೊತ್ತಿನ್ಯಾಗ. ಕಣದಾಗ ಇದ್ದಾಗನ ನನಗ ಬ್ಯಾನಿ ಎದ್ದಿದ್ವು. ಮತ್ತ ಐವತ್ತು ಹೆಂಗಾಕ್ಕಾವ? ನಮ್ಮ ಬಾವಿ ತೋಡಿದ ವರ್ಷ ಹುಟ್ಟ್ಯಾನ. ಬಾವಿಗೆ ಈಗ ಐವತ್ಮೂರು!"

ನಮ್ಮವರ ಮುಖ ಕೇಕಿಗಿಂತ ಬೆಳ್ಳಗಾಯಿತು. ದಾಖಲೆಯಲ್ಲಿ ಮೂರು ವರ್ಷ ಹೆಚ್ಚಾದರೆ ಮೂರು ವರ್ಷ ಮೊದಲೇ ನಿವೃತ್ತಿ! ಎದುರಿಗೆ ಕೂತಿದ್ದ ಗುರಣ್ಣನವರು ಹಾಜರಿ ಪುಸ್ತಕದಲ್ಲಿ ಎರಡು ನಿಮಿಷವನ್ನೂ ಕ್ಷಮಿಸದ ಮನುಷ್ಯ. ನಾನು ಒಳಗೆ ಓಡಿ ಹೋಳಿಗೆ ತಂದು ಅತ್ತೆಯ ಬಾಯಿಗೇ ತುರುಕಿದೆ.

"ಹೋಳಿಗಿ ಚಲೋ ಆಗೈತಿ," ಎಂದರು ನುಂಗಿ. "ಆ ಬಾವಿ..."

ಇನ್ನೊಂದು ಹೋಳಿಗೆ ತುರುಕಿದೆ.

"ತುಪ್ಪ ಹಾಕಬೇಕಿತ್ತು. ಆ ಬಾವಿ..."

ಗುರಣ್ಣನವರು ಚಸ್ಮಾ ತೆಗೆದು ಒರೆಸಿದರು. "ಬಾವಿ ಯಾವ ಇಸ್ವಿದ್ರಿ, ಅವ್ವಾರ?"

"ಕಲ್ಲಿನ ಮ್ಯಾಲ ಕೊರಿಸೇವ್ರಿ! ಬಂದು ನೋಡ್ಕೋರಿ!"

ನಮ್ಮವರು ಗೋಡೆ ಹಿಡಿದರು. ಎಲ್ಲೋ ಒಂದು ಬಲೂನು ಒಡೆಯಿತು. ನಾನು ದೇವರ ಮನೆಯ ಕಡೆ ನೋಡಿದೆ.

ಗುರಣ್ಣನವರು ಚಸ್ಮಾ ಏರಿಸಿ ಮೆಲ್ಲಗೆ ಹೇಳಿದರು: "ಆ ಬಾವಿ ಇಲ್ಲೇ ಮುಚ್ಚಿಬಿಡ್ರಿ, ಅವ್ವಾರ. ನಂದೂ ಜೂನ್ ಒಂದ. ನಮ್ಮವ್ವ ಮಾತ್ರ ಸೀಗಿ ಹುಣ್ಣಿವಿ ಅಂತಿದ್ಲು."

"ನಂದೂ ಜೂನ್ ಒಂದ್ರಿ!" ಎಂದು ಗಣಿತದ ಮೋದಿನಸಾಬರು ಎದ್ದರು. "ರಂಜಾನ್ ತಿಂಗಳದಾಗ ಹುಟ್ಟಿದ್ದು ಗೊತ್ತು. ಯಾವ ರಂಜಾನ್, ಅದು ಗೊತ್ತಿಲ್ಲ."

ಆಮೇಲೆ ತರಗತಿಯಲ್ಲಿ ಎದ್ದಂತೆ ಒಂದೊಂದೇ ಕೈ ಎದ್ದವು. ಹತ್ತು ಜನರಲ್ಲಿ ಏಳು! ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳನ್ನು ಶಾಲೆಗೆ ಹಚ್ಚುವಾಗ ಮಾಸ್ತರು ಬರೆದುಕೊಂಡ ಜೂನ್ ಒಂದೇ ಎಲ್ಲರಿಗೂ ಹುಟ್ಟಿದ ದಿನ. ಫೋನಿನಲ್ಲಿ ತಡವರಿಸಿದ್ದು ನನ್ನ ಗತ್ತಿಗಲ್ಲ!

ಮುಂದಿನದನ್ನು ಹೇಗೆ ಹೇಳಲಿ? ಎಲ್ಲರ ಹುಟ್ಟುಹಬ್ಬವೂ ಇವತ್ತೇ ಎಂದ ಮೇಲೆ ಯಾರನ್ನು ಬಿಡುವುದು? ನಮ್ಮವರೂ ಸೇರಿ ಎಂಟು ಗಂಡಸರು ಒಂದೇ ಚಾಕು ಹಿಡಿದರು. ಒಬ್ಬರು ಪೂರ್ವಕ್ಕೆ ಎಳೆದರೆ ಇನ್ನೊಬ್ಬರು ಪಶ್ಚಿಮಕ್ಕೆ! ವಸಂತರಾವ್ ಎರಡು ನಿಮಿಷದಲ್ಲಿ ಪುಡಿಯಾದ. ಐವತ್ತು ತುಂಬಿದ ನನ್ನ ಗಂಡನಿಗೆ ಸಿಕ್ಕಿದ್ದು ಅಂಗಿಯ ತೋಳಿಗೆ ಹತ್ತಿದ ಕೆನೆ ಮಾತ್ರ.

ನನಗೆ ಉರಿದುಹೋಯಿತು. ಊರೇ ಕಾಣದ ಹುಟ್ಟುಹಬ್ಬ ಹೋಗಿ ಸಾಮೂಹಿಕ ಹುಟ್ಟುಹಬ್ಬವಾಗಿತ್ತು!

"ಅತ್ತಿ, ನಿಮ್ಮ ಮಗನ್ನ ಸಾಲಿಗೆ ಹಚ್ಚಿದಾಗ ಈ ತಾರೀಖು ಬರದ ಶಾಣ್ಯಾ ಮಾಸ್ತರ ಯಾವಂವ?" ಎಂದು ಸೆರಗು ಸಿಕ್ಕಿಸಿ ನಿಂತೆ. "ಒಂದು ಮಾತು ಕೇಳಿ ಬರಿಯಾಕ ಅವನ ಕೈ ನೋಯ್ತಿತ್ತೇನು? ಅಂಥವನ್ನ ಕರದು ನಾಕು ಮಂದ್ಯಾಗ ಮರ್ಯಾದಿ ಮಾಡಬೇಕು!"

ಮಾಸ್ತರರೆಲ್ಲ ತಲೆ ತಗ್ಗಿಸಿದರು. ಅವರಲ್ಲಿ ಎಷ್ಟು ಜನ ಎಷ್ಟು ಮಕ್ಕಳಿಗೆ ಜೂನ್ ಒಂದು ಬರೆದಿದ್ದರೋ!

ಅತ್ತೆ ಬಾಯೊರೆಸಿಕೊಂಡು ನಿಧಾನಕ್ಕೆ ಹೇಳಿದರು: "ಮರ್ಯಾದಿ ಮಾಡೇವಲ್ಲವ್ವಾ, ನಿಮ್ಮ ಮದಿವ್ಯಾಗ. ತಲಿಗೆ ಪಟಗಾ ಸುತ್ತೇವಿ, ಧೋತರ ಕೊಟ್ಟೇವಿ. ನಿಮ್ಮಪ್ಪ ಅಲ್ಲೇನ ಆಗ ನಮ್ಮೂರ ಸಾಲಿ ಮಾಸ್ತರ? ಆ ಗುರ್ತಿನ ಮ್ಯಾಲೇ ನಿನ್ನ ಸೊಸಿ ಮಾಡಿ ತಂದಿದ್ದು!"

ಮೋದಿನಸಾಬರಿಗೆ ನಗು ತಡೆಯದೆ ಕೆಮ್ಮು ಬಂತು. ಗುರಣ್ಣನವರು ಕಿಟಕಿಯ ಕಡೆ ತಿರುಗಿ ಭುಜ ಕುಣಿಸತೊಡಗಿದರು. ನನ್ನ ಗಂಡ ಸೀದಾ ಹೋಗಿ ಫೋನು ಎತ್ತಿಕೊಂಡರು.

"ವಿದ್ಯಾ, ನಿಮ್ಮಪ್ಪಗ ಹಚ್ಚಲೇನು? ನಾಕು ಮಂದಿ ಅದೀವಿ, ಮರ್ಯಾದಿ ಮಾಡಬೇಕಂದೆಲ್ಲಾ!"

"ಬ್ಯಾಡ್ರಿ," ಎಂದೆ. ಅವತ್ತು ಇಡೀ ದಿನದಲ್ಲಿ ನಾನು ಮೆಲ್ಲಗೆ ಆಡಿದ ಮಾತು ಅದೊಂದೇ.