ಶೇಷ ಆರು

ನಮ್ಮ ಕಚೇರಿಯಲ್ಲಿ ತಾರೀಖನ್ನು ನಿರ್ಧರಿಸುವ ಅಧಿಕಾರ ಸೂರ್ಯನಿಗಿಲ್ಲ, ಕಂಪ್ಯೂಟರಿಗಿದೆ. ಅದರ ಆಪರೇಟಿಂಗ್ ಸಿಸ್ಟಂ ಬರೆದವರು ಹಿರಿಯ ಪ್ರೋಗ್ರಾಮರ್. ನಾವು ಅವರನ್ನು ಭಾಗಾಕಾರ ಸರ್ ಎನ್ನುತ್ತೇವೆ.

ಆ ಯಂತ್ರ ಸೆಕೆಂಡಿಗೆ 1024 ಸಲ ಮಿಡಿಯುತ್ತದೆ. ಮಿಡಿತಕ್ಕೆಷ್ಟು ಕಾಲವೆಂದು ತಿಳಿಯಲು ಸರ್ ಮೂವತ್ತು ವರ್ಷದ ಹಿಂದೆ ಹತ್ತು ಲಕ್ಷ ಮೈಕ್ರೋಸೆಕೆಂಡನ್ನು 1024ರಿಂದ ಭಾಗಿಸಿದರು. 976 ಬಂತು, 576 ಉಳಿಯಿತು. ಉಳಿದದ್ದು ಚಿಲ್ಲರೆ ಎಂದು ಕೈಬಿಟ್ಟರು. ಹೀಗೆ ಗಡಿಯಾರ ದಿನಕ್ಕೆ ಐವತ್ತು ಸೆಕೆಂಡು ಹಿಂದೆ ಬಿದ್ದು, ಸರ್ ನಿವೃತ್ತರಾಗುವ ಮೂವತ್ತನೇ ತಾರೀಖು ಬಂದಾಗ ಕಂಪ್ಯೂಟರಿನಲ್ಲಿ ಇಪ್ಪತ್ತನಾಲ್ಕು ನಡೆಯುತ್ತಿತ್ತು; ನಿವೃತ್ತಿಗೆ ಇನ್ನೂ ಆರು ದಿನ ಬಾಕಿ.

ಮರುದಿನಕ್ಕೆ ಅವರ ಹೆಂಡತಿ ಸಮುದ್ರ ನೋಡಲು ರೈಲಿನ ಎರಡು ಟಿಕೆಟ್ ಮಾಡಿಸಿದ್ದರು. ಮದುವೆಯಾದಾಗಿನಿಂದ ಕಾದಿದ್ದ ಪ್ರವಾಸ.

"ಮೇಡಂ, ಒಂದೇ ಸಾಲು ತಿದ್ದಿದ್ರೆ ಸಾಕು. ಉಳಿದದ್ದನ್ನ ಮುಂದಿನ ಮಿಡಿತಕ್ಕೆ ಕೂಡಿಸ್ಕೊಂಡು ಹೋಗೋದು, ಅಷ್ಟೇ," ಎಂದು ಸರ್ ನಿರ್ದೇಶಕಿಯವರನ್ನು ಬೇಡಿಕೊಂಡರು.

"ಗಡಿಯಾರ ತಪ್ಪು ಅಂತ ಒಪ್ಕೊಂಡ್ರೆ ಮೂವತ್ತು ವರ್ಷದ ಹಾಜರಿನೂ ತಪ್ಪಾಗುತ್ತಲ್ಲ ಸರ್. ಅದನ್ನ ಸರಿಮಾಡೋಕೆ ನೀವೇ ಇನ್ನೂ ಹತ್ತು ವರ್ಷ ಇರಬೇಕಾಗುತ್ತೆ."



ಕಚೇರಿಗೆ ಕರುಳಿಲ್ಲವೆಂದಲ್ಲ. ಅಂದೇ ಸುತ್ತೋಲೆ ಹೊರಟಿತು: "ಸದರಿಯವರ ಬಾಕಿ ಆರು ದಿನಗಳ ಕೆಲಸವನ್ನು ಹದಿನಾಲ್ಕು ಸಿಬ್ಬಂದಿ ಸಮನಾಗಿ ಹಂಚಿಕೊಳ್ಳತಕ್ಕದ್ದು. ಹಂಚಿಕೆಯನ್ನು ಕಂಪ್ಯೂಟರೇ ಮಾಡತಕ್ಕದ್ದು." ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಸರ್ ಎಂದರೆ ನನಗೆ ನಿಜಕ್ಕೂ ಪ್ರೀತಿ.

ಕಂಪ್ಯೂಟರ್ ಆರನ್ನು ಹದಿನಾಲ್ಕರಿಂದ ಭಾಗಿಸಿತು. ತಲಾ ಸೊನ್ನೆ ದಿನ, ಶೇಷ ಆರು. ನಾವು ನಮ್ಮ ಪಾಲಿನ ಸೊನ್ನೆ ದಿನದ ಕೆಲಸವನ್ನು ನಿಂತ ನಿಲುವಿನಲ್ಲೇ ಮುಗಿಸಿ ಸಹಿ ಹಾಕಿದೆವು. ಶೇಷವನ್ನು ಮೂಲ ವಾರಸುದಾರರಿಗೆ ಹಿಂದಿರುಗಿಸಲಾಯಿತು.

"ಲೆಕ್ಕ ಸರಿ ಇದೆಯಾ, ನೀವೇ ನೋಡಿ," ಎಂದರು ಮೇಡಂ.

ಸರ್ ಕನ್ನಡಕ ಒರೆಸಿಕೊಂಡು ತಾವೇ ಬರೆದ ಸಾಲುಗಳನ್ನು ಎರಡು ಸಲ ಓದಿದರು. "ಸರಿ ಇದೆ ಮೇಡಂ."

ಮರುದಿನ ಅವರ ಹೆಂಡತಿ ಚೀಲ ಹಿಡಿದು ಕಚೇರಿಗೇ ಬಂದರು. "ಹೊರಡೋಣ್ವಾ?"

"ಇವತ್ತಿನ್ನೂ ಇಪ್ಪತ್ತೈದು ಕಣೇ."

"ಮೂವತ್ತು ವರ್ಷ ದಿನಾ ಮನೆಗೆ ಲೇಟಾಗಿ ಬರ್ತಿದ್ದಿದ್ದು ಯಾಕೆ ಅಂತ ಈಗ ಗೊತ್ತಾಯ್ತು," ಎಂದ ಆಕೆ ಒಂದು ಟಿಕೆಟನ್ನು ಮೇಜಿನ ಮೇಲಿಟ್ಟು, ಒಬ್ಬರೇ ಹೊರಟರು.

ಉಳಿದದ್ದನ್ನು ಸುಮ್ಮನೆ ಕೈಬಿಡುವುದು ತಪ್ಪೆಂದು ಮೇಡಂ ಆ ಟಿಕೆಟ್ ಎತ್ತಿಕೊಂಡು ತಾವೂ ಹೊರಟರು. ಸರ್ ಇಬ್ಬರ ಚೀಲಗಳನ್ನೂ ಗೇಟಿನವರೆಗೆ ಹೊತ್ತು, ಕೈಬೀಸಿ, ಸೀಟಿಗೆ ಮರಳಿದರು.

ಬೀಳ್ಕೊಡುಗೆ ಸಮಾರಂಭ ನೆರವೇರಿತೆಂದು ನಾವು ಹದಿನಾಲ್ಕೂ ಮಂದಿ ದಾಖಲಿಸಿಕೊಂಡೆವು.