ರೊಟ್ಟಿಗೊಂದು ತಕ್ಕಡಿ

ಹರೆಯಕ್ಕೆ ಬರುವ ನಮ್ಮ ಮಕ್ಕಳು ದಿನಕ್ಕೆ ಎಷ್ಟು ತಿನ್ನುತ್ತಾರೆಂಬುದು ಈ ದೇಶದ ಒಬ್ಬ ಅಧಿಕಾರಿಗೂ ಗೊತ್ತಿಲ್ಲ! ಗೊತ್ತುಮಾಡಿಸುವವನು ನಾನು ಎಂದು ವಾರಪತ್ರಿಕೆಯಲ್ಲಿ ಗುಡುಗಿದೆ. ಉಂಡದ್ದನ್ನು ತೂಗಿ ಬರೆದಿಡುವ ವಿದ್ಯೆಯನ್ನು ಮೊದಲು ಮಗಳು ಯಂಕವ್ವನಿಗೆ, ಆಮೇಲೆ ಹಾನಗಲ್ ತಾಲ್ಲೂಕಿಗೆಲ್ಲ ಕಲಿಸುವುದೆಂದು ಪಣ ತೊಟ್ಟೆ. ಸೇರು, ತೊಲ ಹೋಗಿ ಕಿಲೋ, ಗ್ರಾಂ ಬಂದ ಹೊಸತು. ಅಂಗಡಿಯ ಅಕ್ಬರಸಾಬರಿಂದ ಹೊಸ ತೂಕದ ಕಲ್ಲುಗಳನ್ನೂ ಹಳೆಯ ಕೈತಕ್ಕಡಿಯನ್ನೂ ಕಡ ತಂದೆ.

"ತೂಗದ ಒಂದು ತುತ್ತೂ ಬಾಯಾಗ ಹಾಕಬ್ಯಾಡ. ತಾಟಿನ್ಯಾಗ ಉಳದದ್ದನ್ನ ಕಳೀಬೇಕು. ಸುಳ್ಳ ಅಂತೂ ಬರೀಲೇಬ್ಯಾಡ!"

"ಪಲ್ಯ ಹಚ್ಚಿಕೊಂಡ ಮ್ಯಾಲೆ ತೂಗ್ಲೋ, ಮೊದಲ ತೂಗ್ಲೋ ಅಪ್ಪಾ?"

"ಬ್ಯಾರೆ ಬ್ಯಾರೆ!"

ಒಲೆಯ ಮುಂದಿನಿಂದ ಹೆಂಡತಿ ಸುಶೀಲವ್ವ ಕೂಗಿದಳು: "ರೊಟ್ಟಿ ಆರಿ ಹಲಗಿ ಆತು! ಉಣ್ಣೂ ಹುಡುಗಿ ಮುಂದ ಕಲ್ಲ ಇಟಗೊಂಡು ಕುಂತೀರಲ್ರಿ, ನೆದರ ಆಗಂಗಿಲ್ಲೇನು, ಕೆಟ್ಟ ಕಣ್ಣ ಬೀಳಂಗಿಲ್ಲೇನು?"

"ಇದು ವಿಜ್ಞಾನ!"

"ಹಂಗಾರ ಆ ವಿಜ್ಞಾನಕ್ಕ ಹೇಳ್ರಿ, ಒಂದೀಟು ರೊಟ್ಟಿ ಬಿಸಿ ಮಾಡಿಕೊಡಂತ."

ವಾರದೊಳಗೆ ಹುಡುಗಿ ಪಳಗಿದಳು. ನಾನು ಉಬ್ಬಿದೆ. ಪತ್ರಿಕೆಯ ಸಂಪಾದಕ ಚನ್ನವೀರಪ್ಪನವರನ್ನು ಪ್ರಯೋಗ ನೋಡಲು ಶಿಗ್ಗಾಂವದಿಂದ ಊಟಕ್ಕೇ ಕರೆದೆ. ಮೆಚ್ಚಿದರೆ ನನ್ನ ಮುಂದಿನ ಲೇಖನ ಮೊದಲ ಪುಟಕ್ಕೆ! ಮನೆಯಲ್ಲಿ ಹೇಳುವುದೊಂದು ಮರೆತೆ. ಅವರು ಇಬ್ಬರು ಗೆಳೆಯರನ್ನು ಕರೆತರುವುದು ಮರೆಯಲಿಲ್ಲ.

ಗಂಡಸರು ಮೊದಲು ಕೂತೆವು. ದೇಶದ ಹಸಿವಿನ ಮೇಲೆ ನನ್ನ ಮಾತು ಏರಿದಂತೆಲ್ಲ ಬುಟ್ಟಿಯ ರೊಟ್ಟಿ ಇಳಿಯುತ್ತ ಹೋಯಿತು.

"ಏನ್ ಮೆತ್ತಗ ಅದಾವ್ರಿ ರೊಟ್ಟಿ!" ಎಂದರು ಚನ್ನವೀರಪ್ಪ.

"ಇನ್ನೊಂದು ಹಾಕಿಸ್ಕೋರಿ, ಸಂಕೋಚ ಬ್ಯಾಡ!" ಎಂದು ನಾನೂ ಒಂದು ಹಾಕಿಸಿಕೊಂಡೆ. ಜೊತೆ ಕೊಡುವುದು ಯಜಮಾನನ ಧರ್ಮ!

ಕೈ ತೊಳೆದು, ಎಲೆಅಡಿಕೆ ಹಾಕಿಕೊಂಡು, ಬರೆದಿಟ್ಟ ಲೇಖನವನ್ನು ಎತ್ತಿ ಹಿಡಿದು ಕೂಗಿದೆ: "ಯಂಕವ್ವಾ, ಬಾ! ನಿನ್ನ ಊಟ ತೂಗಿ ತೋರಸು!"

ಯಂಕವ್ವ ಬಂದು ತಕ್ಕಡಿ ಎತ್ತಿ ಹಿಡಿದಳು. ಎರಡೂ ತಟ್ಟೆ ಬರಿದು.

"ಬುಟ್ಟಿ ಖಾಲಿ ಆಗೇತಿ ಅಪ್ಪಾ. ನಂದೂ ಅವ್ವಂದೂ ಏನಂತ ಬರೀಲಿ? ಇದನ್ನ ನೀ ಕಲಿಸಲೇ ಇಲ್ಲ."

ಚನ್ನವೀರಪ್ಪನವರ ಬಾಯಲ್ಲಿ ಅಡಿಕೆ ನಿಂತಿತು. ಏನಾದರೂ ಮಾಡಬೇಕಲ್ಲ, ನಾನು ತೂಕದ ಕಲ್ಲಿಗೆ ಕೈಹಾಕಿದೆ.

ಮತ್ತೆ ಹಿಟ್ಟು ಕಲಸಲು ಕೂತಿದ್ದ ಸುಶೀಲವ್ವ ತಲೆ ಎತ್ತದೆ ಅಂದಳು: "ಕಲ್ಲ ಯಾಕ್ರಿ? ಈಕಡೆ ತಟ್ಟ್ಯಾಗ ನಮ್ಮ ಊಟ ಐತಿ, ಆಕಡೆ ತಟ್ಟ್ಯಾಗ ಆ ಲೇಖನ ಇಡ್ರಿ. ಸಮಾ ತೂಗತೈತಿ."