ಕಥೆಗಾಗಿ ಸತ್ತ ಕಾವಲುಗಾರ

ಕಥೆಯಲ್ಲಿ ಯಾರು ಬದುಕಬೇಕು, ಯಾರು ಸಾಯಬೇಕು ಎಂಬುದನ್ನು ನನ್ನಷ್ಟು ಬಲ್ಲವರು ಈ ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ! ಹದಿನೆಂಟು ವರ್ಷದಿಂದ ಪ್ರಕಾಶನ ಸಂಸ್ಥೆಯೊಂದರಲ್ಲಿ ಹಸ್ತಪ್ರತಿ ತಿದ್ದುತ್ತಿದ್ದೇನೆ. ನನ್ನ ಕೆಂಪು ಪೆನ್ನಿಗೆ ಆಹುತಿಯಾದ ಚಿಕ್ಕಪ್ಪಂದಿರು, ಪಕ್ಕದ ಮನೆಯವರು, ಅಂಚೆಯವರು ಒಟ್ಟಾಗಿ ಮೆರವಣಿಗೆ ಹೊರಟರೆ ಊರಿನ ಸಂಚಾರವೇ ನಿಂತುಹೋದೀತು. ಅಂಥ ನಾನು ಆ ಭಾನುವಾರ, ನಮ್ಮ ಅತ್ತೆಯವರಿಗೆ ತಿಳಿಹೇಳಿಯೇ ತೀರುತ್ತೇನೆಂದು ಶಪಥ ಮಾಡಿದೆ.

ಅತ್ತೆ ನಿವೃತ್ತ ನರ್ಸು, ನಮ್ಮ ಜೊತೆಗೇ ಇದ್ದಾರೆ. ಹೊತ್ತು ಹೋಗಲೆಂದು ನನ್ನ ಹೆಂಡತಿ ಅವರಿಗೆ ವಿಡಿಯೋ ಗೇಮ್ ಕಲಿಸಿಕೊಟ್ಟಿದ್ದಳು. ರಾಜಕುಮಾರಿಯೊಬ್ಬಳು ಕಳೆದುಕೊಂಡ ರಾಜ್ಯವನ್ನು ಗೆಲ್ಲುವ ಆಟ. ಅತ್ತೆಗೆ ರಾಜ್ಯ ಬೇಕಿರಲಿಲ್ಲ! ಕೋಟೆಯ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದಾನೆ, ಹೆಸರೂ ಇಲ್ಲದವನು. ರಾಜಕುಮಾರಿ ಬಾಗಿಲು ದಾಟಿದ ಕೂಡಲೇ ಬಾಣ ತಗುಲಿ ಸಾಯುತ್ತಾನೆ. ಅವನನ್ನು ಉಳಿಸಲು ಅತ್ತೆ ಮೂರು ವಾರದಿಂದ ಮದ್ದು ಹುಡುಕುತ್ತಿದ್ದರು.

“ಅತ್ತೆ, ಅವನು ಸತ್ತರೇನೇ ರಾಜಕುಮಾರಿಗೆ ರೋಷ ಬರೋದು. ಆ ಸಾವು ಕಥೆಗೆ ಬೇಕು” ಎಂದೆ.

“ಮೂವತ್ನಾಲ್ಕು ವರ್ಷ ವಾರ್ಡಿನಲ್ಲಿದ್ದೆ ಅಳಿಯಂದ್ರೇ. ಕಥೆಗೆ ಬೇಕು ಅಂತ ಸತ್ತೋರನ್ನ ಒಬ್ಬರನ್ನೂ ನೋಡ್ಲಿಲ್ಲ.”

ಅವರು ಸ್ನಾನಕ್ಕೆ ಹೋದದ್ದೇ ತಡ, ನಾನೇ ಗುಂಡಿ ಒತ್ತಿ ಬಾಗಿಲು ದಾಟಿಸಿದೆ. ಬಾಣ ಬಂತು, ಕಾವಲುಗಾರ ಬಿದ್ದ, ರಾಜಕುಮಾರಿ ಹಲ್ಲು ಕಚ್ಚಿ ಕತ್ತಿ ಹಿರಿದಳು. ಭೇಷ್ ಎಂದು ಸೋಫಾ ಕುಟ್ಟಿದೆ! ಅತ್ತೆಗೆ ಇದನ್ನು ತೋರಿಸಿ ಆಟವನ್ನು ಮತ್ತೆ ಹಿಂದಿನ ಜಾಗಕ್ಕೇ ತಂದಿಡೋಣವೆಂದು ನೋಡಿದರೆ, ಅದು ತಾನಾಗಿಯೇ ಸೇವ್ ಆಗಿ ಕೂತಿದೆ. ಅತ್ತೆ ಪ್ರತಿ ಸಲವೂ ಅವನು ಬಿದ್ದ ಕೂಡಲೇ, ಸೇವ್ ಆಗುವ ಮೊದಲೇ ಆಟ ಮುಚ್ಚುತ್ತಿದ್ದರಂತೆ. ಮಹಾಪಂಡಿತನಿಗೆ ಅದು ಗೊತ್ತಿರಲಿಲ್ಲ!

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದ ಅತ್ತೆಯ ಮುಂದೆ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅವನ ಮನೆಯವರಿಗೆ ಯಾರು ಹೇಳಿದ್ರು?” ಎಂದು ಮಾತ್ರ ಕೇಳಿದರು.

ಅವರ ವಾರ್ಡಿನಲ್ಲಿ ಒಂದು ಪದ್ಧತಿಯಿತ್ತಂತೆ. ಜೀವ ಹೋಗುವಾಗ ಹಾಸಿಗೆಯ ಪಕ್ಕದಲ್ಲಿ ಇದ್ದವರೇ ಮನೆಯವರಿಗೆ ಹೇಳಬೇಕು, ಮುಂದಿನ ಪಾಳಿಯವರ ತಲೆಗೆ ಕಟ್ಟುವಂತಿಲ್ಲ. ಪಕ್ಕದಲ್ಲಿ ಇದ್ದವನು ನಾನು! ಸರಿ, ಹಿರಿದ ಕತ್ತಿಯನ್ನು ಒರೆಗೆ ಸೇರಿಸಿ, ಯುದ್ಧವನ್ನು ಅರ್ಧಕ್ಕೆ ಬಿಟ್ಟು, ಅತ್ತೆ ಹೇಳಿದ ದಾರಿಯಲ್ಲಿ ರಾಜಕುಮಾರಿಯನ್ನು ಎರಡು ಹಳ್ಳಿ ಹಿಂದಕ್ಕೆ ನಡೆಸಿದೆ. ಕಾವಲುಗಾರನ ಹೆಂಡತಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಆಟ ತಯಾರಿಸಿದವರು ಆಕೆಯ ಬಾಯಲ್ಲಿ ಒಂದೇ ಮಾತು ಇಟ್ಟಿದ್ದರು, ಬಾಣದ ವಿಷಯ ತಿಳಿಸಿರಲಿಲ್ಲ.

“ಅವರ ಊಟ ಮುಚ್ಚಿಟ್ಟಿದ್ದೀನಿ. ಬೇಗ ಬರೋಕೆ ಹೇಳಿ.”

ಮತ್ತೆ ಗುಂಡಿ ಒತ್ತಿದೆ. ಮತ್ತೆ ಅದೇ ಮಾತು. ಸಾವಿನ ಸುದ್ದಿ ಹೇಳುವುದಕ್ಕೆ ಗುಂಡಿಯೇ ಇಲ್ಲ ಎಂದು ಅತ್ತೆಯ ಮುಖ ನೋಡಿದೆ.

“ಬಾಯಿ ಇದೆಯಲ್ಲ” ಎಂದರು.

ಎದ್ದು ನಿಂತೆ. “ಅಮ್ಮಾ, ನಿಮ್ಮ ಮನೆಯವರು...” ಎಂದೆ. ಮುಂದಿನ ಮಾತು ಹುಡುಕುತ್ತ ಕೈಮುಗಿದೆ. ನಿಜ ಹೇಳುತ್ತೇನೆ, ನಗಬೇಡಿ, ತುಂಬ ಸಂಕಟವಾಯಿತು. ಆಕೆ ನನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ನನ್ನ ಹೆಂಡತಿ ತರಕಾರಿ ಚೀಲ ಹಿಡಿದು ಒಳಬಂದಳು. ಟಿವಿಯ ಮುಂದೆ ಕೈಮುಗಿದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ ಗಂಡನನ್ನು ಕಂಡು ಗಾಬರಿಯಾಗಿ, ಇವರಿಗೇನಾಯಿತೆಂದು ತಾಯಿಯನ್ನು ಕೇಳಿದಳು.

ಅತ್ತೆ ನನ್ನ ಕೈಗೆ ನೀರಿನ ಲೋಟ ಕೊಟ್ಟು, ಬೆನ್ನು ಸವರಿ, ಮಗಳಿಗೆ ಮೆಲ್ಲಗೆ ಹೇಳಿದರು: “ಸುಮ್ನಿರೇ. ಮೊದಲ ಸಲ ಅಲ್ವಾ, ಎಲ್ಲರಿಗೂ ಹೀಗೇ ಆಗುತ್ತೆ.”